ಗೊತ್ತುಮಾಡಿದ ಶನಿವಾರ

ಫಿಲೆಮೋನಿಗೆ ತೆಂಗಿನ ಮರ ಹತ್ತಲು ಬರುತ್ತಿರಲಿಲ್ಲ. ಹಂದಿ ಕೊಯ್ಯಲು ಕೈ ನಡುಗುತ್ತಿತ್ತು. ಹಿರಿಯರ ಸಭೆಯಲ್ಲಿ ಅವಾ ಪಾನೀಯ ಹಂಚಲು ನಿಲ್ಲಿಸಿದರೆ, ಚಿಪ್ಪನ್ನು ಮೊದಲು ಯಾರ ಮುಂದೆ ಹಿಡಿಯಬೇಕೆಂದು ತಿಳಿಯದೆ ಕಂಬಗಳ ಮುಖ ನೋಡುತ್ತಿದ್ದ. ಸಾಲೆವಾ ಊರಿನಲ್ಲಿ ಗಂಡಸಾಗಿ ಹುಟ್ಟಿದವನಿಗೆ ಬರಬೇಕಾದ ವಿದ್ಯೆಗಳೆಲ್ಲ ಹೀಗೆ ಕೈಕೊಟ್ಟ ಮೇಲೆ ಉಳಿದದ್ದು ನೌಕರಿ. "ನನ್ನಿಂದ ಊರಿಗಾಗೋ ಒಂದೇ ಉಪಕಾರ ಅಂದ್ರೆ, ದಿನಾ ಬೆಳಗ್ಗೆ ಬಸ್ ಹತ್ತಿ ಊರು ಬಿಟ್ಟು ಹೋಗೋದು," ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡುಬಿಟ್ಟರೆ ಅವರಿಗೆ ಕೆಲಸ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಬಸ್ಸು ಬೆಟ್ಟ ದಾಟಿ ದ್ವೀಪದ ರಾಜಧಾನಿ ಆಪಿಯಾಕ್ಕೆ ಇಳಿಯುತ್ತಿತ್ತು. ಅಲ್ಲಿ ಬಂದರಿನ ಹತ್ತಿರ ಮರ, ಮೊಳೆ, ತಗಡು ಮಾರುವ ಅಂಗಡಿಯಲ್ಲಿ ಅವನು ದಾಸ್ತಾನು ಗುಮಾಸ್ತ. ಬಸ್ಸು ಓಡಿಸುತ್ತಿದ್ದವನು ಅವನ ಸೋದರಮಾವ ಸೆಮಿಸಿ. ಆದರೆ ಅವನನ್ನು ಈಗ ಸೆಮಿಸಿ ಎಂದು ಕರೆಯುವವಳು ಅಕ್ಕ ವಾಯೋಲಾ ಒಬ್ಬಳೇ. ಊರಿಗೆಲ್ಲ ಅವನು ಅಲೈಮನು. ಅಲೈಮನು ಎಂಬುದು ಮನೆತನದ ಪದವಿ. ಒಬ್ಬರು ಮಣ್ಣಿಗೆ ಹೋದಮೇಲೆ ಇನ್ನೊಬ್ಬರ ಹೆಗಲಿಗೆ ಬರುವ ಹೊದಿಕೆಯಂಥದ್ದು. ಮುಂಚಿನ ಅಲೈಮನು, ಮನೆತನದ ಇನ್ನೊಂದು ಕವಲಿನ ಹಿರಿಯ, ಸಮುದ್ರದ ಕಡೆ ಮುಖಮಾಡಿ ತನ್ನ ಮನೆಯಂಗಳದ ಗೋರಿಯಲ್ಲೇ ಮಲಗಿದ್ದ. ಅವನು ಹೋದ ಮೇಲೆ ಹೊದಿಕೆ ಸೆಮಿಸಿಯ ಮೇಲೆ ಬಿತ್ತು. ಬಸ್ಸು ಮಾತ್ರ ಹಳೆಯದೇ ಇತ್ತು.

ಅಂಗಡಿಯಲ್ಲಿ ಹೊಸ ಕಂಪ್ಯೂಟರು ಬಂದಾಗ ಹಳೆಯದನ್ನು ಮ್ಯಾನೇಜರಮ್ಮ ಫಿಲೆಮೋನಿಗೆ ಕ್ರಿಸ್‌ಮಸ್ ಉಡುಗೊರೆ ಎಂದು ದಾಟಿಸಿದ್ದಳು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ತಂದದ್ದನ್ನು ಕಂಡವರು, ಹೆಣ್ಣು ಸಿಗದೆ ಇದನ್ನು ಕಟ್ಟಿಕೊಂಡ ಎಂದು ನಕ್ಕರು. ತಾಯಿ ವಾಯೋಲಾ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ದಾಸವಾಳದ ಹೂದಾನಿ ಇಟ್ಟು, ಪಕ್ಕದಲ್ಲಿ ತನ್ನ ಅಪ್ಪನ ಫೋಟೋ ಒರಗಿಸಿದಳು. ಕಂಪ್ಯೂಟರು ಬೆಳಗಬೇಕಾದರೆ ಮೊದಲು ಅಜ್ಜನನ್ನು ಎತ್ತಿಡಬೇಕಿತ್ತು.

ಹೀಗೆ ಮನೆತನದ ಕೆಲಸವೊಂದು ಅವನ ಪಾಲಿಗೆ ಬಂತು. ಮದುವೆ, ಪದವಿ ಕೊಡುವ ದಿನ, ಚರ್ಚಿನ ಮಾಡಿಗೆ ತಗಡು ಹಾಕುವ ದಿನ, ಎಲ್ಲಕ್ಕಿಂತ ಹೆಚ್ಚಾಗಿ ಸಾವು. ಪ್ರತಿಯೊಂದಕ್ಕೂ ನುಣುಪು ಚಾಪೆ ಹೊಂದಿಸಬೇಕು, ಹಂದಿ ಹೇಳಬೇಕು, ಆಕ್ಲೆಂಡಿನಲ್ಲಿರುವ ಚಿಕ್ಕಮ್ಮನಿಗೂ ಪಾಗೊ ಪಾಗೊದಲ್ಲಿರುವ ಭಾವನಿಗೂ ಫೋನು ಮಾಡಬೇಕು. ಅದೂ ದರ್ಜೆ ಪ್ರಕಾರ; ಕಿರಿಯನಿಗೆ ಮೊದಲು ಫೋನು ಹೋದರೆ ಹಿರಿಯ ಬರುವುದಿಲ್ಲ. ಈ ಹೆಸರು, ನಂಬರು, ತಾರೀಖುಗಳನ್ನೆಲ್ಲ ಫಿಲೆಮೋನಿ ತನ್ನ ಫೋನಿನಲ್ಲಿ ತುಂಬಿ, ಭಾನುವಾರ ಮಧ್ಯಾಹ್ನ ಊಟವಾಗಿ ಊರೆಲ್ಲ ಒರಗಿದ ಹೊತ್ತಿನಲ್ಲಿ, ಅಜ್ಜನನ್ನು ಎತ್ತಿಟ್ಟು, ಫೋನಿಗೆ ತಂತಿ ಸಿಕ್ಕಿಸಿ, ಕಂಪ್ಯೂಟರಿಗೆ ನಕಲು ಇಳಿಸುತ್ತಿದ್ದ.

"ಏನೋ ಮೋನಿ, ವಾರವಾರ ಆ ಡಬ್ಬಿಗೆ ಬಾಲ ಸಿಕ್ಕಿಸ್ಕೊಂಡು ಕೂತ್ಕೋತೀಯ?" ಎಂದು ಮಾವ ಒಮ್ಮೆ ಮಲಗಿದ್ದಲ್ಲಿಂದಲೇ ಕೇಳಿದ.

"ನಕಲು ತೆಗೀತಿದೀನಿ ಮಾವ. ಫೋನ್ ಹಾಳಾದ್ರೂ ತಾರೀಖು, ನಂಬರು ಎಲ್ಲಾ ಇದ್ರಲ್ಲಿ ಉಳ್ದಿರತ್ತೆ."

"ನಂಗೆ ಎಲ್ಲಾ ಇಲ್ಲೇ ಇರತ್ತೆ," ಎಂದು ಮಾವ ಹಣೆ ತಟ್ಟಿಕೊಂಡ.

"ಅದಕ್ಕೇ ಹೋದ್ಸಲ ಮದುವೆಗೆ ಒಂದು ವಾರ ಮುಂಚೆ ಚಾಪೆ ಹೊತ್ಕೊಂಡು ಹೋಗಿ ನಿಂತಿದ್ದು."

"ಲೇ, ಗೌರವ ಅಂದ್ರೆ ಹಂಗಿರ್ಬೇಕು. ಮದುಮಗಳಿಗಿಂತ ಮೊದ್ಲು ಹೋಗ್ಬೇಕು."

ಕ್ಯಾಲೆಂಡರಿನಲ್ಲಿ ಮಾವನ ಕೈವಾಡವೂ ಇತ್ತು. ಸೋಮವಾರದ ಊರ ಸಭೆಯನ್ನು ಫಿಲೆಮೋನಿ ಅದರಲ್ಲಿ 'ಗೊರಕೆ ಸಭೆ' ಎಂದು ಬರೆದಿದ್ದ. ಹೆಸರಿಟ್ಟವನು ಮಾವ, ಒತ್ತಿದವನು ಅಳಿಯ. ಪ್ರತಿ ಸಭೆಗೂ ಅಲೈಮನು ಎಂಬ ಹೆಸರಿಗೆ ಫೋನಿನಿಂದ ಒಂದು ಕರೆಯೋಲೆ ತಾನಾಗಿ ಹೋಗುವಂತೆ ಮಾಡಿದ್ದ. ಕರೆಯೋಲೆ ತಲುಪಿದವರು 'ಬರುತ್ತೇನೆ' ಎಂದು ಒತ್ತಬಹುದಿತ್ತು. ಮಾವ ಒಂದು ದಿನವೂ ಒತ್ತಿರಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಪೇರಿಸಿದ್ದ ಹಲಗೆ ಜಾರಿ ಫಿಲೆಮೋನಿಯ ಫೋನಿನ ಮೇಲೆ ಬಿತ್ತು. ಹಲಗೆಗೆ ಏನೂ ಆಗಲಿಲ್ಲ. ಹೊಸ ಫೋನು ಕೊಂಡು, ಭಾನುವಾರ ಕಂಪ್ಯೂಟರಿನಿಂದ ನಕಲನ್ನು ಅದಕ್ಕೆ ತುಂಬುತ್ತಾ ಕೂತವನು ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿದ. ಒಂದು ಹೆಸರೂ ಹೋಗಿರಲಿಲ್ಲ. ಕಂಪ್ಯೂಟರು ನಡುವೆ ಒಂದೇ ಒಂದು ಪ್ರಶ್ನೆ ಕೇಳಿತು: ಅಲೈಮನು ಎಂಬ ಹೆಸರು ಎರಡು ಸಲ ಇದೆ, ಇಬ್ಬರೂ ಒಬ್ಬರೇ ಏನು?

ಅವನು ಹೌದು ಎಂದು ಒತ್ತಿದ. ಸಾಲೆವಾದಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಒತ್ತುತ್ತಿದ್ದರು. ಅಲೈಮನು ಒಬ್ಬನೇ. ಅಜ್ಜನ ಕಾಲದಲ್ಲಿ ಒಬ್ಬ, ಈಗಲೂ ಒಬ್ಬ. ಹೊದ್ದವರು ಬದಲಾಗುತ್ತಾರೆ, ಅಷ್ಟೆ. ಸತ್ತವರ ನಂಬರನ್ನು ಅಳಿಸುವ ಪದ್ಧತಿ ಅವರ ಮನೆಯಲ್ಲಿ ಇಲ್ಲದ್ದರಿಂದ ಹಿರಿಯ ಅಲೈಮನುವಿನ ನಂಬರು ನಕಲಿನಲ್ಲಿ ಹಾಗೇ ಇತ್ತು. ಕಂಪ್ಯೂಟರು ಇಬ್ಬರನ್ನೂ ಬೆಸೆದು, ಹಳೆಯ ನಂಬರನ್ನು ಮೇಲಿಟ್ಟು, ಸೆಮಿಸಿಯದನ್ನು ಕೆಳಗೆ ಮಡಚಿತು. ಫಿಲೆಮೋನಿ ಅದನ್ನು ನೋಡಲಿಲ್ಲ. ಅಜ್ಜನನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸಿ ಮಲಗಿದ.

ಮುಂದಿನ ಸೋಮವಾರ 'ಗೊರಕೆ ಸಭೆ'ಯ ಕೆಳಗೆ ಒಂದು ಹಸಿರು ಗುರುತು ಮೂಡಿತು. ಅಲೈಮನು: ಬರುತ್ತೇನೆ. ಅದರ ಮುಂದಿನ ಸೋಮವಾರವೂ ಮೂಡಿತು. ಮಾವ ಕೊನೆಗೂ ಕಲಿತ ಎಂದು ಫಿಲೆಮೋನಿ ಹಿಗ್ಗಿದ. ಯುವಕರ ಸಂಘದ ಕಸ ಗುಡಿಸುವ ದಿನಕ್ಕೂ ಅಲೈಮನು ಬರುತ್ತೇನೆ ಎಂದಾಗ, ಪದವಿ ಬಂದಮೇಲೆ ಮಾವನಿಗೆ ವಿನಯವೂ ಬಂತಲ್ಲ ಎಂದು ಆಶ್ಚರ್ಯವಾಯಿತು.

ಆ ತಿಂಗಳಲ್ಲೇ ಊರಿನ ಅತಿ ದೊಡ್ಡ ಪದವಿಯ ತುಯಿಸೋವಾ ಆಸ್ಪತ್ರೆ ಸೇರಿದ. ಸಕ್ಕರೆ ಕಾಯಿಲೆ ಏರಿ ಕಾಲಿನ ಬೆರಳು ಕಪ್ಪಾಗಿತ್ತು. ಪಾದ ತೆಗೆಯಬೇಕು ಎಂದು ಡಾಕ್ಟರು ಹೇಳಿದರಂತೆ. ಬಂದ ಹಾಗೇ ಹೋಗುತ್ತೇನೆ ಎಂದು ಮುದುಕ ಹಟ ಹಿಡಿದನಂತೆ. ಊರು ಪಿಸುಮಾತಿನಲ್ಲಿ ಚಾಪೆ ಹೆಣೆಯಲು ಶುರುಮಾಡಿತು.

ಅಂಗಡಿಯಲ್ಲಿ ಮ್ಯಾನೇಜರಮ್ಮ ರಜಾ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು. "ಫಿಲೆಮೋನಿ, ನಿಮ್ಮೂರಲ್ಲಿ ಸಾಯೋರು ಸ್ವಲ್ಪ ಮುಂಚಿತವಾಗಿ ತಿಳ್ಸಿದ್ರೆ ಅಂಗಡಿಗೆ ಅನುಕೂಲ ಆಗ್ತಿತ್ತು. ಹಿಂದಿನ ದಿನ ಹೇಳೋದು, ನಾಲ್ಕು ದಿನ ಹೋಗೋದು. ನಾನೂ ಈ ದ್ವೀಪದೋಳೇ, ನಮ್ಮನೇಲೂ ಸಾಯ್ತಾರೆ. ಆದ್ರೂ ಒಂದು ವ್ಯವಸ್ಥೆ ಅಂತ ಇರತ್ತೆ."

ಫಿಲೆಮೋನಿ ವ್ಯವಸ್ಥೆಯ ಮನುಷ್ಯ. ಮರ ಹತ್ತಲು ಬಾರದವನಿಗೆ ಇದಾದರೂ ಬರಬೇಕಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ಫೋನು ತೆಗೆದು, ಮುಂದಿನ ತಿಂಗಳಲ್ಲಿ ಇರಬಹುದೆಂದು ಅಂದಾಜಿಸಿ, ಕೊನೆಯ ಶನಿವಾರಕ್ಕೆ ಬರೆದ: ತುಯಿಸೋವಾ ಮಣ್ಣು. ಹಂದಿ ಮೂರು. ರಜೆ ಕೇಳಬೇಕು. ಹಂದಿ ಹೊಂದಿಸುವವನು ಮಾವನಾದ್ದರಿಂದ, ಅಭ್ಯಾಸಬಲದಿಂದ, ಅಲೈಮನು ಎಂಬ ಹೆಸರನ್ನೂ ಸೇರಿಸಿದ. ಆ ರಾತ್ರಿ, ಭಾನುವಾರಕ್ಕೆ ಕಾಯದೆ, ನಕಲನ್ನೂ ಇಳಿಸಿಟ್ಟ.

ಮರುದಿನ ಬೆಳಗ್ಗೆ ಬಸ್ಸು ಬೆಟ್ಟ ಏರುವಾಗ ನೋಡಿದರೆ ಹಸಿರು ಗುರುತು ಬಿದ್ದಿತ್ತು. ಅಲೈಮನು: ಬರುತ್ತೇನೆ.

ಅವನು ಎದ್ದು ಮಾವನ ಹಿಂದಿನ ಸೀಟಿಗೆ ಬಂದ. "ಪರ್ವಾಗಿಲ್ಲ ಮಾವ, ಚೆನ್ನಾಗಿ ಒತ್ತೋದು ಕಲ್ತಿದೀಯ."

"ಏನು ಒತ್ತೋದು?"

"ಬರ್ತೀನಿ ಅಂತ. ಕ್ಯಾಲೆಂಡರಿನಲ್ಲಿ."

"ನಾನು ಒತ್ತೋದು ಬ್ರೇಕ್ ಒಂದೇ ಕಣೋ. ಅದೂ ಈ ಇಳಿಜಾರಲ್ಲಿ ಎರಡು ಸಲ."

"ತಮಾಷೆ ಸಾಕು. ಗೊರಕೆ ಸಭೆ, ಕಸ ಗುಡಿಸೋದು, ಎಲ್ಲದಕ್ಕೂ ಒತ್ತಿದೀಯ. ನಿನ್ನೆ ಕಳ್ಸಿದ್ದಕ್ಕೂ."

"ನಿನ್ನೆ ಏನೂ ಬಂದಿಲ್ಲ," ಮಾವ ಜೇಬಿನಿಂದ ಫೋನು ತೆಗೆದು ಹಿಂದಕ್ಕೆ ಚಾಚಿದ. "ವಾರಗಟ್ಲೆ ನಿನ್ ಕಡೆಯಿಂದ ಏನೂ ಬಂದಿಲ್ಲ. ಬೇಜಾರಾಗಿದೀಯೇನೋ ಅಂದ್ಕೊಂಡೆ."

ಮಾವನ ಫೋನಿನಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಫಿಲೆಮೋನಿ ತನ್ನ ಫೋನಿನಲ್ಲಿ ಅಲೈಮನು ಎಂಬ ಹೆಸರನ್ನು ತೆರೆದ. ಮೇಲೆ ಇದ್ದ ನಂಬರನ್ನು ಓದಿದ. ಅವನಿಗೆ ಬಾಯಿಪಾಠವಿದ್ದ ನಂಬರದು. ಆ ನಂಬರಿನವನ ಪೆಟ್ಟಿಗೆಯ ಒಂದು ಮೂಲೆಗೆ ಅವನೇ ಹೆಗಲು ಕೊಟ್ಟಿದ್ದ. ಬಸ್ಸಿನೊಳಗೆ ಹಾಡು ಜೋರಾಗಿ ಕೇಳುತ್ತಿತ್ತು, ಹಿಂದೆ ಹೆಂಗಸರು ನಗುತ್ತಿದ್ದರು.

"ಮಾವ," ಎಂದ. "ಹಿರಿಯರ ಫೋನು ಈಗ ಯಾರತ್ರ ಇದೆ?"

"ಸತ್ತೋರ ಫೋನಾ? ಅವರ ಜೊತೇಲೇ ಇಟ್ವೇನೋ. ಯಾಕೆ?"

ಇಟ್ಟಿರಲಿಲ್ಲ. ಅದು ಸಂಜೆ ಬಸ್ಸು ಊರು ಮುಟ್ಟುವ ಮೊದಲೇ ಗೊತ್ತಾಗುವಂತಿತ್ತು. ಚರ್ಚಿನ ತಿರುವಿನಲ್ಲಿ ಸಾಮಾನ್ಯವಾಗಿ ಹುಡುಗರು ವಾಲಿಬಾಲ್ ಆಡುತ್ತಾರೆ. ಅಂದು ಬಲೆ ಕಟ್ಟಿತ್ತು, ಚೆಂಡು ನೆಲದಲ್ಲಿತ್ತು, ಯುವಕರು ಸಾಲಾಗಿ ನಿಂತು ಬಸ್ಸನ್ನು ನೋಡುತ್ತಿದ್ದರು. ಮಾವ ಹಾರ್ನ್ ಮಾಡಿ ಕೈಯೆತ್ತಿದ. ಯಾರೂ ಎತ್ತಲಿಲ್ಲ.

ಮನೆಯಲ್ಲಿ ವಾಯೋಲಾ ಕಂಪ್ಯೂಟರಿಗೆ ಬೆನ್ನುಹಾಕಿ ಕೂತಿದ್ದಳು.

"ಮಿರಿಯಾಮಜ್ಜಿ ಕಪ್ಪುಡುಗೆ ಹಾಕ್ಕೊಂಡು ತುಯಿಸೋವಾ ಮನೆಗೆ ಹೋಗಿದ್ರು," ಎಂದಳು.

ಮಿರಿಯಾಮಾ ಹಿರಿಯ ಅಲೈಮನುವಿನ ಹೆಂಡತಿ. ಗಂಡನ ಫೋನನ್ನು ಅವಳು ಅವನ ಬೈಬಲ್ಲಿನ ಮೇಲಿಟ್ಟು, ಚಾರ್ಜು ಇಳಿಯಲು ಬಿಡದೆ ಕಾಪಾಡಿದ್ದಳು. ಎಷ್ಟೋ ದಿನ ಸುಮ್ಮನಿದ್ದ ಫೋನು ಒಂದು ಸೋಮವಾರ ಟಿಣ್ ಎಂದು ಸಭೆಗೆ ಕರೆಯಿತು. ಸತ್ತ ಮೇಲೂ ಕರೆಯುತ್ತಾರಲ್ಲ, ಎಂಥ ಮರ್ಯಾದಸ್ಥ ಊರು ಎಂದು ಅವಳಿಗೆ ಕಣ್ಣು ತುಂಬಿತು. ಅವಳ ಗಂಡ ಬದುಕಿದ್ದಾಗ ಒಂದು ಸಭೆಯನ್ನೂ ತಪ್ಪಿಸಿದವನಲ್ಲ. ಹಾಗಾಗಿ 'ಬರುತ್ತೇನೆ' ಒತ್ತಿದಳು. ಆಮೇಲೆ ಬಂದದ್ದಕ್ಕೆಲ್ಲ ಒತ್ತುತ್ತಾ ಹೋದಳು. ಈಗ ತುಯಿಸೋವಾ ಮಣ್ಣು ಎಂದು ಬಂದಾಗಲೂ ಗಂಡನ ಪರವಾಗಿ ಒಪ್ಪಿ, ಮನೆಯಲ್ಲಿದ್ದ ಒಳ್ಳೆಯ ಚಾಪೆ ಎತ್ತಿಕೊಂಡು, ದಾರಿಯುದ್ದಕ್ಕೂ ಅಳುತ್ತಾ ಹೊರಟಿದ್ದಳು.

"ಅಲ್ಲಿ ಹೋಗಿ ನೋಡಿದ್ರೆ," ವಾಯೋಲಾ ದನಿ ತಗ್ಗಿಸಿದಳು, "ತುಯಿಸೋವಾ ಆಸ್ಪತ್ರೆಯಿಂದ ಬಂದು ಕೂತು ಟಾರೊ ಗೆಡ್ಡೆ ತಿಂತಿದ್ರಂತೆ."

ಬೇರೆ ದಿನವಾಗಿದ್ದರೆ ಮಾವ ಬಿದ್ದು ಬಿದ್ದು ನಗುತ್ತಿದ್ದ. ಈಗ ಕಂಬ ಹಿಡಿದುಕೊಂಡ.

"ಅಜ್ಜಿ ಫೋನ್ ತೋರ್ಸಿದ್ರಂತೆ. ತುಯಿಸೋವಾ ಮಗ ಎಲ್ಲರೆದುರು ಓದಿದ್ನಂತೆ. ಮಣ್ಣು ಯಾವತ್ತು, ಹಂದಿ ಎಷ್ಟು. ಆಮೇಲೆ ಹಳೇದೆಲ್ಲಾ ತೆಗ್ದು ಓದಿದ್ನಂತೆ. ಸೆಮಿಸಿ, ಗೊರಕೆ ಸಭೆ ಅಂತ ಹೆಸರಿಟ್ಟೋರು ಯಾರು?"

"ನಾನೇ ಅಕ್ಕ," ಎಂದ ಸೆಮಿಸಿ.

"ನಾನೇ ಅಮ್ಮ," ಎಂದ ಫಿಲೆಮೋನಿಯೂ. ಮೊದಲ ಬಾರಿಗೆ ಇಬ್ಬರೂ ಒಂದೇ ಮಾತನ್ನು ಆಡಿದ್ದರು.

ಮರುದಿನ ವಕ್ತಾರ ಪೌಗಾ ಬಂದ. ತುಯಿಸೋವಾನ ಮಾತನ್ನು ಊರಿಗೆ ಹೇಳುವವನು ಅವನು. ತನ್ನ ಸ್ವಂತ ಮಾತು ಇದೆಯೇ ಎಂದು ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಬರಲಿಲ್ಲ. ಹಲಸಿನಂಥ ಕಾಯಿ ಬಿಡುವ ಅವರ ಉಲು ಮರದ ಕೆಳಗೆ ಕೋಲೂರಿ ನಿಂತು, ಸಭೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದ:

"ದೊಡ್ಡೋರು ಬೈಲಿಲ್ಲ. ಒಂದೇ ಮಾತು ಕೇಳಿದ್ರು. ತುಯಿಸೋವಾ ಅನ್ನೋ ಪದವಿಗೆ ಮೂರೇ ಹಂದಿ ಸಾಕು ಅಂತ ಲೆಕ್ಕ ಹಾಕಿದೋನು ಯಾರು ಅಂತ."

ನಗಬೇಕೋ ಬೇಡವೋ ತಿಳಿಯದೆ ಫಿಲೆಮೋನಿ ನೆಲ ನೋಡಿದ. ಮೂರಕ್ಕಿಂತ ಹೆಚ್ಚು ಕೊಡಲು ತಮ್ಮಲ್ಲಿಲ್ಲ ಎಂದು ಹೇಳಬಹುದಿತ್ತು. ಅದು ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು.

"ಊರಿನ ಮಾತು ಬೇರೆ ಇದೆ," ಪೌಗಾ ಮುಂದುವರಿಸಿದ. "ಇದು ಶಾಪ ಅಂತಾರೆ. ಸತ್ತೋನ ಕೈಲಿ ಒಪ್ಪಿಗೆ ಹಾಕ್ಸಿ ದಿನ ಗೊತ್ತುಮಾಡಿದಾರೆ ಅಂತಾರೆ. ಆ ಶನಿವಾರ ದಾಟಿ ಭಾನುವಾರ ದೊಡ್ಡೋರು ಎದ್ದು ಕೂತ್ರೆ, ಆಗ ಮಾತಾಡೋಣ. ಕೂರ್ಲಿಲ್ಲ ಅಂದ್ರೆ ಮಾತಾಡೋದೇನಿಲ್ಲ. ಮನೆ, ತೋಟ, ಅಂಗಳದಲ್ಲಿರೋ ಗೋರಿಗಳು, ಎಲ್ಲಾ ಬಿಟ್ಟು ಅಲೈಮನು ಮನೆತನ ಊರಾಚೆ."

"ಹುಡುಗ ತಪ್ಪು ಮಾಡಿದಾನೆ, ಬೇಕು ಅಂತಲ್ಲ," ಎಂದ ಮಾವ.

"ಹುಡುಗ ಅಂದ್ರೆ ಯಾರು? ಸಭೆಗೆ ಗೊತ್ತಿರೋದು ಅಲೈಮನು ಒಬ್ಬನೇ."

ಅಲ್ಲಿಂದಾಚೆ ಊರು ಅವರ ಮೇಲೆ ಕೈಮಾಡಲಿಲ್ಲ, ಬೈಯಲಿಲ್ಲ. ಮಹಿಳಾ ಸಮಿತಿಯಲ್ಲಿ ವಾಯೋಲಾ ಹೆಣೆಯಲು ಕೂತರೆ ಅಕ್ಕಪಕ್ಕದವರು ತಮ್ಮ ಚಾಪೆಯನ್ನು ಸುತ್ತಿಕೊಂಡು ಸರಿಯುತ್ತಿದ್ದರು. ಬಸ್ಸಿಗೆ ಸಾಲೆವಾದಲ್ಲಿ ಫಿಲೆಮೋನಿಯನ್ನು ಬಿಟ್ಟು ಯಾರೂ ಹತ್ತುತ್ತಿರಲಿಲ್ಲ. ಖಾಲಿ ಬಸ್ಸಿನಲ್ಲಿ ಮಾವ ಹಾಡು ಹಾಕುವುದನ್ನೂ ನಿಲ್ಲಿಸಿದ. ಸಂಜೆ ಪ್ರಾರ್ಥನೆಯ ಶಂಖ ಊದುವ ಮೊದಲು ಯುವಕರು ಬಂದು ಅವರ ಮನೆಯೆದುರಿನ ಗೋಡೆಯ ಮೇಲೆ ಕೂರುತ್ತಿದ್ದರು. ಶಾಲೆಯಲ್ಲಿ ಅವನ ಜೊತೆ ಓದಿದವರೇ. ಒಬ್ಬ ಕಲ್ಲುಗಳನ್ನು ಆರಿಸಿ ಗಾತ್ರದ ಪ್ರಕಾರ ಜೋಡಿಸುತ್ತಿದ್ದ. ಏನಪ್ಪಾ ಎಂದು ಕೇಳಿದರೆ, "ಹಂದಿ ಬೇಯ್ಸೋ ಒಲೆಗೆ," ಎನ್ನುತ್ತಿದ್ದ.

ತುಯಿಸೋವಾನ ಸುದ್ದಿ ದಿನವೂ ಬರುತ್ತಿತ್ತು. ಊಟ ಬಿಟ್ಟನಂತೆ. ಪಾದದ ಕಪ್ಪು ಗಂಟಿನ ತನಕ ಏರಿತಂತೆ. ಫಿಲೆಮೋನಿ ತನ್ನ ಇಪ್ಪತ್ತಾರು ವರ್ಷದಲ್ಲಿ ಯಾರ ಆರೋಗ್ಯಕ್ಕಾಗಿಯೂ ಹೀಗೆ ಪ್ರಾರ್ಥಿಸಿರಲಿಲ್ಲ. ಪ್ರಾರ್ಥನೆಯಲ್ಲೂ ಸಾಚಾತನವಿರಲಿಲ್ಲ: ದೇವರೇ, ಬದುಕಿಸು, ಭಾನುವಾರದ ತನಕ ಸಾಕು.

ಆ ದಿನವನ್ನು ಅವನು ಫೋನಿನಿಂದ ಅಳಿಸಿಬಿಟ್ಟಿದ್ದ. ಎರಡು ಅಲೈಮನುಗಳನ್ನು ಬೇರೆ ಮಾಡಬೇಕೆಂದು ಭಾನುವಾರ ಮಧ್ಯಾಹ್ನ ಫೋನಿಗೆ ತಂತಿ ಸಿಕ್ಕಿಸಿದ. ಕಂಪ್ಯೂಟರು ತನ್ನಲ್ಲಿದ್ದ ನಕಲನ್ನೂ ಫೋನನ್ನೂ ಹೋಲಿಸಿ ನೋಡಿತು. ಒಂದು ಕಡಿಮೆ ಇದೆ ಎಂದು ಅದಕ್ಕೆ ಕಂಡಿತು. ಅವನು ಎರಡು ವರ್ಷದ ಹಿಂದೆ ತಾನೇ ಹೇಳಿಕೊಟ್ಟಿದ್ದ ಹಾಗೆ, ಏನೂ ಕಳೆದುಹೋಗದಂತೆ, ಕೇಳದೆ ಹೇಳದೆ ಅದನ್ನು ಮತ್ತೆ ಫೋನಿಗೆ ಹಾಕಿತು. ಫೋನು ತನ್ನ ಕೆಲಸ ತಾನು ಮಾಡಿತು. ಊರಿನ ಆ ತುದಿಯಲ್ಲಿ, ಬೈಬಲ್ಲಿನ ಮೇಲೆ, ಟಿಣ್ ಎಂದಿತು.

ಸ್ವಲ್ಪ ಹೊತ್ತಿಗೆ ಮಿರಿಯಾಮಾ ಬಂದಳು. ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದವಳಿಗೆ ಉಸಿರು ಸಿಗುತ್ತಿರಲಿಲ್ಲ. "ಮಗಾ, ಮತ್ತೆ ಬಂತು. ಅದೇ ಶನಿವಾರ," ಎಂದಳು. "ನಾನು ಈ ಸಲ ಏನೂ ಒತ್ತಿಲ್ಲ. ನಿನ್ನಾಣೆ ಒತ್ತಿಲ್ಲ. ಆದ್ರೆ ಮೊಮ್ಮಗಳು ನೋಡ್ಬಿಟ್ಳು. ಅವಳು ಹೇಳ್ದೆ ಬಿಡಲ್ಲ."

"ನಾನು ಅಳಿಸಿದ್ದೆ ಅಜ್ಜಿ."

"ಅಳಿಸಿದ್ದು ಹೆಂಗ್ ಬರತ್ತೆ?"

ಅದಕ್ಕೆ ಅವನಲ್ಲಿ ಉತ್ತರವಿತ್ತು. ಹೇಳಿದರೆ ಅಜ್ಜಿಗೆ ಇನ್ನೂ ಭಯವಾಗುತ್ತಿತ್ತು. ಅಳಿಸಿದ್ದೂ ಎಲ್ಲೋ ಒಂದು ಕಡೆ ಉಳಿಯಲಿ ಎಂದೇ ಅವನು ಇಷ್ಟು ವರ್ಷ ಕಷ್ಟಪಟ್ಟಿದ್ದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಶಾಪವನ್ನು ಎರಡನೇ ಸಲ ಹಾಕಿದ್ದಾರೆ. ಅಂದು ಗೋಡೆಯ ಮೇಲೆ ಕೂತವರ ಸಂಖ್ಯೆ ಇಮ್ಮಡಿಯಾಗಿತ್ತು.

"ಭಾನುವಾರದ ತನಕ ಕಾಯಕ್ಕಾಗಲ್ಲ," ಎಂದ ಮಾವ. "ಶನಿವಾರ ಬೆಳಗ್ಗೆ ಹೋಗಿ ಅವರ ಅಂಗಳದಲ್ಲಿ ಮಂಡಿಯೂರ್ತೀನಿ."

"ನಾನ್ ತಾನೇ ಬರ್ದಿದ್ದು. ನಾನ್ ಹೋಗ್ತೀನಿ," ಎಂದ ಫಿಲೆಮೋನಿ.

"ನೀನೊಬ್ಬನೇ ಹೋದ್ರೆ ಅದು ಸಾಯೋಕ್ ಹೋದಂಗೆ. ಅಲೈಮನು ಹೋದ್ರೆ ಕ್ಷಮೆ ಕೇಳಕ್ಕೆ ಹೋದಂಗೆ. ಸುಮ್ನೆ ನನ್ ಪಕ್ಕ ಇರು. ಬಾಯ್ ಮಾತ್ರ ಬಿಡ್ಬೇಡ, ನಿನ್ ಪುಣ್ಯ."

ವಾಯೋಲಾ ಪೆಟ್ಟಿಗೆಯ ತಳದಿಂದ ತನ್ನ ತಾಯಿ ಹೆಣೆದ ಚಾಪೆಯನ್ನು ತೆಗೆದಳು. ರೇಷ್ಮೆಯಂತೆ ಮೆತ್ತಗಿತ್ತು. ತನ್ನ ಶವದ ಮೇಲೆ ಹಾಕಲೆಂದು ಇಟ್ಟುಕೊಂಡದ್ದು. ಅದನ್ನು ತಮ್ಮನ ಕೈಗೆ ಕೊಟ್ಟಳು.

ಶನಿವಾರ ಬೆಳಕು ಹರಿಯುವಾಗ ಅವರು ತುಯಿಸೋವಾನ ಅಂಗಳ ತಲುಪಿದರು. ಮಾವನ ಹೆಗಲ ಮೇಲೆ ಸೌದೆ, ಫಿಲೆಮೋನಿಯ ತೋಳಿನಲ್ಲಿ ಒಲೆಯ ಕಲ್ಲು, ಬಾಳೆ ಎಲೆ. ಹಂದಿಯನ್ನು ಬೇಯಿಸಲು ಬೇಕಾದದ್ದೆಲ್ಲ ತಂದಿದ್ದರು, ಹಂದಿಯೊಂದನ್ನು ಬಿಟ್ಟು. ಇಗೋ ನಾವೇ ಬಂದಿದ್ದೇವೆ, ಬೇಕಾದರೆ ನಮ್ಮನ್ನೇ ಬೇಯಿಸಿ ಎಂದು ಅದರರ್ಥ. ಸೌದೆ ಕಲ್ಲುಗಳನ್ನು ಮುಂದಿಟ್ಟು, ಮಂಡಿಯೂರಿ, ತಲೆ ಬಗ್ಗಿಸಿ, ಚಾಪೆಯನ್ನು ಇಬ್ಬರ ಮೇಲೂ ಎಳೆದುಕೊಂಡರು. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಮಚ್ಚು.

ಚಾಪೆಯ ಒಳಗೆ ಹಳದಿ ಬೆಳಕು, ಕರ್ಪೂರದ ಗುಳಿಗೆಯ ವಾಸನೆ. ಕಾಣುತ್ತಿದ್ದದ್ದು ಅಂಗಳದ ಬಿಳಿ ಹವಳದ ಚೂರುಗಳು ಮಾತ್ರ. ಅವು ಮಂಡಿಗೆ ಚುಚ್ಚುತ್ತಿದ್ದವು. ಹೊರಗೆ ಒಬ್ಬೊಬ್ಬರಾಗಿ ಬಂದು ನಿಲ್ಲುವ ಸಪ್ಪಳ. ಒಂದು ಮಚ್ಚು ಕಲ್ಲಿಗೆ ತಾಗಿತು. ನಾಯಿಯೊಂದು ಬಂದು ಚಾಪೆಯ ಅಂಚನ್ನು ಮೂಸಿ, ಯಾರೋ ಗದರಿದ್ದಕ್ಕೆ ಹೋಯಿತು.

ಮನೆಯೊಳಗಿನಿಂದ ಕೆಮ್ಮು ಕೇಳುತ್ತಿತ್ತು. ಮುದುಕನ ಕೆಮ್ಮು, ಒದ್ದೆ, ಉದ್ದ. ಅದು ಕೇಳಿದಾಗಲೆಲ್ಲ ಫಿಲೆಮೋನಿಗೆ ಜೀವ ಬಂದಂತಾಗುತ್ತಿತ್ತು. ಬಿಸಿಲು ಏರಿತು. ಬೆವರು ಕಣ್ಣಿಗಿಳಿಯಿತು. ಮಾವ ಮೆಲ್ಲಗೆ ದಾವೀದನ ಕೀರ್ತನೆ ಹೇಳಿಕೊಳ್ಳುತ್ತಿದ್ದ. ಸಾಲು ಮರೆತಾಗ ಹಿಂದಿನ ಸಾಲನ್ನೇ ಮತ್ತೆ ಹೇಳುತ್ತಿದ್ದ.

ಆಮೇಲೆ ಕೆಮ್ಮು ನಿಂತಿತು.

ಇಬ್ಬರೂ ಕಾದರು. ಮತ್ತೆ ಬರಲಿಲ್ಲ. ಒಳಗೆ ಒಬ್ಬ ಹೆಂಗಸು ಏನೋ ಕೇಳಿದಳು, ಉತ್ತರ ಬರಲಿಲ್ಲ. ಯಾರೋ ಸರಸರ ನಡೆದರು.

"ಮಾವ," ಫಿಲೆಮೋನಿ ಪಿಸುಗುಟ್ಟಿದ. "ಹೋದ್ರಾ?"

ಮಾವ ಅವನ ಕತ್ತಿನ ಮೇಲೆ ಕೈಯಿಟ್ಟು ತಲೆಯನ್ನು ಇನ್ನೂ ಕೆಳಕ್ಕೆ ಒತ್ತಿದ. ಮೊದಲ ಏಟು ತನ್ನ ಕೈಗೆ ಬೀಳಲಿ ಎಂದು ಇಟ್ಟ ಕೈ ಅದು.

ಹವಳದ ಚೂರಿನ ಮೇಲೆ ಕೋಲಿನ ಸಪ್ಪಳವಾಯಿತು. ಒಂದು ಕೋಲು, ಒಂದು ಕಾಲು, ಎಳೆದುಕೊಂಡು ಬರುವ ಇನ್ನೊಂದು ಕಾಲು. ಕೊಳೆತ ಹಣ್ಣಿನ ವಾಸನೆ ಹತ್ತಿರವಾಯಿತು. ಪಟ್ಟಿ ಸುತ್ತಿದ ಪಾದವೊಂದು ಫಿಲೆಮೋನಿಯ ಮೂಗಿನ ಮುಂದೆ ನಿಂತಿತು. ಚಾಪೆ ಮೇಲಕ್ಕೆ ಎದ್ದಿತು.

"ಏಳಿ," ಎಂದ ತುಯಿಸೋವಾ. "ಒಳಗ್ ಬನ್ನಿ. ಬಿಸಿಲು."

ಸುತ್ತ ನಿಂತವರು ಮಚ್ಚುಗಳನ್ನು ಬೆನ್ನ ಹಿಂದೆ ಸರಿಸಿದರು.

ಒಳಗೆ ಕಂಬಕ್ಕೊಬ್ಬರಂತೆ ಹಿರಿಯರು ಕೂತಿದ್ದರು. ಅವಾ ಹಂಚಿದರು. ಪೌಗಾ ಮಾತಾಡಿದ, ಮಾವ ಅಳುತ್ತಾ ಉತ್ತರ ಕೊಟ್ಟ, ಊರು ಅವರನ್ನು ಕ್ಷಮಿಸಿತು. ಮನೆ ಉಳಿಯಿತು, ತೋಟ ಉಳಿಯಿತು, ಅಂಗಳದ ಗೋರಿಗಳು ಉಳಿದವು. ಫಿಲೆಮೋನಿಗೆ ಎದ್ದು ಓಡಿಹೋಗಿ ತಾಯಿಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ತುಯಿಸೋವಾ ಬೆರಳು ಮಡಚಿ ಕರೆದ. ಇವನು ಮಂಡಿಯ ಮೇಲೇ ಹತ್ತಿರ ಸರಿದ.

"ದಿನ ಗೊತ್ತುಮಾಡಿದೋನು ನೀನೇನಾ?"

"ತಪ್ಪಾಯ್ತು, ದೊಡ್ಡೋರೇ. ಅಳಿಸಿಬಿಡ್ತೀನಿ. ಎಲ್ಲಾ ಕಡೆಯಿಂದ್ಲೂ ಅಳಿಸ್ತೀನಿ."

"ಯಾಕೆ ಅಳಿಸ್ತೀಯ? ಈ ಮನೇಲಿ ಎಲ್ಲರೂ ನಂಗೆ ನೂರು ವರ್ಷ ಅಂತ ಹೇಳ್ತಾ ಚಾಪೆ ಹೆಣೀತಿದಾರೆ. ಬಾಯ್ಬಿಟ್ಟು ತಾರೀಖು ಹೇಳಿದೋನು ನೀನೊಬ್ನೇ," ಮುದುಕ ಕೆಮ್ಮಿ, ಉಸಿರು ಹಿಡಿದು, ಮುಂದುವರಿಸಿದ. "ಆದ್ರೆ ತಪ್ಪು ತಾರೀಖು. ತಿದ್ದು."

"ಮುಂದಿನ ವರ್ಷಕ್ಕೆ ಹಾಕ್ತೀನಿ. ಅದರ ಮುಂದಿನ—"

"ಮಕ್ಕಳ ಬಿಳಿ ಭಾನುವಾರ ಯಾವಾಗ?"

"ಅಕ್ಟೋಬರಿನಲ್ಲಿ, ದೊಡ್ಡೋರೇ."

"ಮೊಮ್ಮಕ್ಕಳು ಬಿಳಿ ಬಟ್ಟೆ ಹಾಕ್ಕೊಂಡು ಪದ್ಯ ಹೇಳೋದು ಕೇಳ್ಬೇಕು. ಅದಾದ್ಮೇಲೆ ಬರೋ ಶನಿವಾರ. ಬರ್ಕೋ."

ಮಗ ಅಪ್ಪಾ ಎನ್ನಲು ಬಾಯಿ ತೆರೆದ, ಮುದುಕ ಅವನ ಕಡೆ ನೋಡಲಿಲ್ಲ. ಫಿಲೆಮೋನಿ ತಲೆಯಾಡಿಸಿದ. ಇನ್ನೆಷ್ಟು ದಿನ ಎಂದು ಡಾಕ್ಟರು ಹೇಳಿದ್ದರೋ, ತುಯಿಸೋವಾ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದ.

ಮಧ್ಯಾಹ್ನ ಮನೆಯಲ್ಲಿ ವಾಯೋಲಾ ಒಲೆಯ ಮುಂದೆ ಹಾಡಿಕೊಳ್ಳುತ್ತಿದ್ದಳು. ಫಿಲೆಮೋನಿ ಕಂಪ್ಯೂಟರಿನ ಮುಂದೆ ಕೂತು ಅಕ್ಟೋಬರನ್ನು ತೆರೆದ. ಬೆರಳು ಎರಡು ಸಲ ತಪ್ಪು ದಿನದ ಮೇಲೆ ಹೋಯಿತು. ಶನಿವಾರಕ್ಕೆ ಬರೆದು, ನಕಲು ಇಳಿಸಿ, ಇಳಿದಿದೆಯೇ ಎಂದು ಇನ್ನೊಮ್ಮೆ ನೋಡಿದ.

ಬೆನ್ನ ಹಿಂದೆ ಮಾವ ಬಂದು ನಿಂತದ್ದು ಅವನಿಗೆ ಆಮೇಲೆ ತಿಳಿಯಿತು. ಮಾವನ ಮಂಡಿಯ ಮೇಲೆ ಹವಳ ಚುಚ್ಚಿದ ಗುರುತು ಇನ್ನೂ ಕೆಂಪಗಿತ್ತು. ತಮಾಷೆ ಮಾಡುತ್ತಾನೆ ಎಂದು ಫಿಲೆಮೋನಿ ಕಾದ.

"ಮೋನಿ, ಇದ್ರಲ್ಲಿ ನಂದೂ ಏನಾದ್ರೂ ಬರ್ದಿದೀಯಾ?"

"ಛೆ, ಏನ್ ಮಾತು ಮಾವ. ಇಲ್ಲ."

"ರಜೆಗೆ ಅಂತ? ಅಂದಾಜಿಗೆ?"

"ಇಲ್ಲ ಅಂದ್ನಲ್ಲ."

ಮಾವ ಒಂದು ಸ್ಟೂಲು ಎಳೆದುಕೊಂಡು ಕೂತ. "ತೋರ್ಸು."

ಫಿಲೆಮೋನಿ ನವೆಂಬರನ್ನು ತೆರೆದ. ಮಾವ ಪರದೆಯ ಹತ್ತಿರಕ್ಕೆ ಬಾಗಿ, ಒಂದೊಂದೇ ಶನಿವಾರದ ಮೇಲೆ ಬೆರಳಿಟ್ಟು ನೋಡಿದ. ಖಾಲಿ ಇತ್ತು. ಡಿಸೆಂಬರ್ ನೋಡಿದ. ಅದೂ ಖಾಲಿ.

"ಮುಂದಿನ ವರ್ಷ," ಎಂದ ಮಾವ.